ಅತ್ತೆ ಗುಳಿಗೆ ಬಿಟ್ಟಿರಲಿಲ್ಲ

ಅತ್ತೆ ನೀರು ಕುಡಿಯುವುದಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ವಿಜಾಪುರ ಸೀಮೆಯ ಇಂಡಿ ಊರಿನ ನಮ್ಮ ಲಿಂಬೆ ತೋಟದಲ್ಲಿ. ಮದುವೆಯಾಗಿ ಎರಡನೆಯ ವರ್ಷ, ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನೂ ನನ್ನ ಗಂಡನೂ ಸಿಂದಗಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಅವರು ಹೈಸ್ಕೂಲು ಮಾಸ್ತರು. ನಾನು ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿಯ ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಂಡಿಗೆ ಹೋದರೆ ಸೋಮವಾರ ಬೆಳಗಿನ ಬಸ್ಸಿಗೆ ಮರಳುತ್ತಿದ್ದೆವು. ಇಂಡಿಯ ಮನೆಯಲ್ಲಿ ಅತ್ತೆ, ನನ್ನ ಭಾವ, ಅವರ ಹೆಂಡತಿ, ಮಕ್ಕಳು. ಮಾವ ತೀರಿಕೊಂಡು ಹತ್ತು ವರ್ಷವಾಗಿತ್ತು. ತೋಟದ ನೀರು, ಗೊಬ್ಬರ, ಪೇಟೆಯ ಓಡಾಟ ಭಾವನವರದು. ಕಾಯಿ ಹರಿಸುವ, ಅಂದರೆ ಕೀಳಿಸುವ, ಕೆಲಸವನ್ನು ಮಾತ್ರ ಅತ್ತೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಕಾಯಿ ಹರಿಯಲು ಏಳೆಂಟು ಹೆಣ್ಣುಮಕ್ಕಳು ಬರುತ್ತಿದ್ದರು. ಲಿಂಬೆ ಮುಳ್ಳು ಮೈ ಗೀರುತ್ತದೆಂದು ಎಲ್ಲರೂ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಹಳೆಯ ಅಂಗಿ ತೊಡುತ್ತಿದ್ದರು. ಅತ್ತೆ ತೊಡುತ್ತಿದ್ದುದು ಮಾವನ ಅಂಗಿ. ಬೆಳಿಗ್ಗೆ ಏಳಕ್ಕೆ ಗಿಡದ ಬುಡಕ್ಕೆ ಹೋದವರು ಮಧ್ಯಾಹ್ನ ಎರಡರ ತನಕ ಅಲ್ಲೇ. ಬೋರಿನ ತಣ್ಣನೆಯ ನೀರು ಪಕ್ಕದಲ್ಲೇ ಸುರಿಯುತ್ತಿದ್ದರೂ ಯಾರೂ ಬೊಗಸೆ ಒಡ್ಡುತ್ತಿರಲಿಲ್ಲ. ರೊಟ್ಟಿ ತಿಂದ ಮೇಲೆ ಒಂದು ಗುಟುಕು, ಅಷ್ಟೇ. ನಾನು ತಂಬಿಗೆ ಹಿಡಿದು ಹೋದರೆ ಅತ್ತೆ ಕೈಯಾಡಿಸಿ ಬೇಡ ಅನ್ನುತ್ತಿದ್ದರು. ಚೀಲ ತುಂಬುವ ಗಂಡಸರು ಸುತ್ತಮುತ್ತ ಓಡಾಡುತ್ತಿರುವಾಗ ಹೆಣ್ಣುಮಕ್ಕಳು ಎಲ್ಲಿಗೆ ಎದ್ದು ಹೋಗಬೇಕು ಎಂಬುದು ನನಗೆ ಆಮೇಲೆ ಹೊಳೆಯಿತು. ನೀರು ಕುಡಿಯದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಒಂದು ಭಾನುವಾರ ಅತ್ತೆ ತೋಟಕ್ಕೆ ಹೋಗಲಿಲ್ಲ. ಮೈ ಬಿಸಿಯಾಗಿತ್ತು. ಬೆಳಗಿನಿಂದ ಐದಾರು ಸಲ ಹಿತ್ತಲಿಗೆ ಹೋಗಿ ಬಂದರು. ಪ್ರತಿ ಸಲವೂ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತು ಒಳಗೆ ಬರುತ್ತಿದ್ದರು. ಒಬ್ಬರೇ ಸಿಕ್ಕಾಗ ಕೇಳಿದೆ. ಮೊದಲು ಏನಿಲ್ಲ ಅಂದರು. ಮತ್ತೆ ಕೇಳಿದಾಗ ದನಿ ಇಳಿಸಿದರು.

"ಒಂದಕ್ಕ ಹೋದ್ರ ಬೆಂಕಿ ಉರದಂಗ ಉರೀತೈತಿ ತಂಗಿ. ಯಾರ ಮುಂದೂ ಅನಬ್ಯಾಡ."

ಎಷ್ಟು ದಿನದಿಂದ ಎಂದು ಕೇಳಿದರೆ, ಈ ಸಲದ್ದು ನಾಕು ದಿನದಿಂದ ಎಂದರು. ಹಿಂದೆಯೂ ಆಗಿತ್ತಂತೆ. ಕೊತ್ತಂಬರಿ ಬೀಜ ನೆನೆಸಿದ ನೀರು ಕುಡಿದು ಸುಮ್ಮನಾಗಿದ್ದರಂತೆ. ಗಂಡುಮಕ್ಕಳ ಮುಂದೆ ಹೇಳುವ ಮಾತಲ್ಲ, ಹಿರಿಯ ಸೊಸೆಗೆ ಹೇಳಿದರೆ ಅವಳು ಗಂಡನಿಗೆ ಹೇಳುತ್ತಾಳೆ. ನನಗೆ ಹೇಳಿದ್ದಕ್ಕೂ ಮರುಕ್ಷಣವೇ ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಮನೆಯಲ್ಲಿ ನಾನು ಇನ್ನೂ ಹೊಸಬಳು. ಯಾರೂ ಹೊರಲಾರದ್ದನ್ನು ಅತ್ತೆ ನನ್ನ ಕೈಯಲ್ಲಿ ಇಟ್ಟಿದ್ದಾರೆ ಅನ್ನಿಸಿತು.

ಮರುದಿನ ನಾನು ಕಾಲೇಜಿಗೆ ರಜೆ ಹಾಕಿ ಅವರನ್ನು ಊರಿನ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಮನೆಯಲ್ಲಿ ಸೊಂಟನೋವು ಎಂದು ಹೇಳಿದ್ದೆವು. ಡಾಕ್ಟರರ ಮುಂದೆ ಅತ್ತೆ ತುಟಿ ಬಿಚ್ಚಲಿಲ್ಲ, ಎಲ್ಲವನ್ನೂ ನಾನೇ ಹೇಳಿದೆ. ಏಳು ದಿನದ ಗುಳಿಗೆ ಕೊಟ್ಟರು. ಮೂರನೆಯ ದಿನಕ್ಕೆ ಉರಿ ನಿಂತಿತು. ಮುಂದಿನ ಶನಿವಾರ ನಾನು ಹೋದಾಗ ಅತ್ತೆ ನನಗೆಂದೇ ತುಪ್ಪ ಹಚ್ಚಿದ ಹೋಳಿಗೆ ಎತ್ತಿಟ್ಟಿದ್ದರು.

ತಿಂಗಳೊಳಗೆ ಅದು ಮತ್ತೆ ಬಂತು. ಈ ಸಲ ನಾನು ಓದಿದವಳ ಹಾಗೆ ನಡೆದುಕೊಂಡೆ. ಮೂತ್ರವನ್ನು ಶುದ್ಧವಾದ ಬಾಟಲಿಯಲ್ಲಿ ಹಿಡಿಸಿ, ಬರ್ಫ, ಅಂದರೆ ಐಸು, ತುಂಬಿದ ಊಟದ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತುಕೊಂಡು ವಿಜಾಪುರದ ಲ್ಯಾಬಿಗೆ ಕೊಟ್ಟುಬಂದೆ. ಇ. ಕೊಲೈ ಬೆಳೆದಿದೆ ಎಂದು ವರದಿ ಬಂತು. ನಮ್ಮೆಲ್ಲರ ಕರುಳಿನಲ್ಲಿರುವ, ನಾನು ಕಾಲೇಜಿನಲ್ಲಿ ಹುಡುಗಿಯರಿಗೆ ದಿನವೂ ತೋರಿಸುತ್ತಿದ್ದ ಅದೇ ಬ್ಯಾಕ್ಟೀರಿಯಾ. ಡಾಕ್ಟರರು ಕೊಟ್ಟಿದ್ದ ಔಷಧಕ್ಕೆ ಅದು ಚೆನ್ನಾಗಿ ಸಾಯುತ್ತದೆ ಎಂದೂ ವರದಿಯಲ್ಲಿತ್ತು. ಹಾಗಾಗಿ ಅದೇ ಗುಳಿಗೆಯನ್ನು ಮತ್ತೆ ಹತ್ತು ದಿನ ಕೊಟ್ಟರು. ಮತ್ತೆ ಆರಾಮವಾಯಿತು. ಐದು ವಾರಕ್ಕೆ ಮತ್ತೆ ತಿರುಗಿ ಬಂತು.

ಮೂರನೆಯ ಸಲ ಹೋದಾಗ ಡಾಕ್ಟರರು ವರದಿಯನ್ನೂ ಅತ್ತೆಯನ್ನೂ ನೋಡಿ, ನನ್ನ ಕಡೆಗೆ ತಿರುಗಿದರು. ಅವರು ಒಳ್ಳೆಯ ಮನುಷ್ಯರೇ, ಆದರೆ ಹೊರಗೆ ಜನ ತುಂಬಿ ಅವಸರದಲ್ಲಿದ್ದರು.

"ಕೋರ್ಸ್ ಪೂರ್ತಿ ಮುಗಸಿಲ್ರಿ ಇವರು. ಎರಡ ದಿನಕ್ಕ ಆರಾಮ ಆತಂದ್ರ ಬಿಟ್ಟಬಿಡ್ತಾರ. ಇಲ್ಲಂದ್ರ ಹೆಂಗ ತಿರುಗಿ ಬರತೈತಿ?"

ಅತ್ತೆ ಆ ಕೋಣೆಯಲ್ಲಿ ಮೊದಲ ಬಾರಿ ಬಾಯಿ ತೆರೆದರು. "ಎಲ್ಲಾ ತಗೊಂಡೇನ್ರಿ." ಡಾಕ್ಟರರು ನಕ್ಕು ಚೀಟಿ ಬರೆದರು.

ಮನೆಗೆ ಬಂದ ಮೇಲೆ ಅತ್ತೆ ತಮ್ಮ ಟ್ರಂಕು ತೆಗೆದು, ಸೀರೆಗಳ ಅಡಿಯಿಂದ ಒಂದು ಬಟ್ಟೆಯ ಗಂಟು ತೆಗೆದರು. ಒಳಗೆ ಗುಳಿಗೆಯ ಖಾಲಿ ಹಾಳೆಗಳು, ಅಂದರೆ ಸ್ಟ್ರಿಪ್ಪುಗಳು. ಒಂದೊಂದನ್ನೂ ಹಾಸಿಗೆಯ ಮೇಲೆ ಹರಡಿದರು. ಎಲ್ಲ ಗುಳಿಗಳೂ ಒಡೆದು ಖಾಲಿಯಾಗಿದ್ದವು. ಇವನ್ನು ಏಕೆ ಇಟ್ಟುಕೊಂಡಿದ್ದರೋ, ಬಹುಶಃ ಹೊರಗೆ ಎಸೆದರೆ ಯಾರಾದರೂ ನೋಡಿ ಕೇಳುತ್ತಾರೆಂದಿರಬೇಕು. ಅವರು ಅವನ್ನು ತೋರಿಸಿದ್ದು ನಾನು ನಂಬಲಿ ಎಂದು. ನನಗೋ ಪುಸ್ತಕದಲ್ಲಿ ಓದಿದ್ದು ತಲೆಯಲ್ಲಿತ್ತು. ಔಷಧಕ್ಕೆ ಸಾಯುವ ಬ್ಯಾಕ್ಟೀರಿಯಾ ಔಷಧ ತೆಗೆದುಕೊಂಡ ಮೇಲೂ ಉಳಿದಿದೆ ಎಂದರೆ, ಔಷಧ ಸರಿಯಾಗಿ ಹೊಟ್ಟೆಗೆ ಹೋಗಿಲ್ಲ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

"ಖರೇ ಹೇಳ್ರಿ ಅತ್ತಿ, ಒಂದೆರಡು ದಿನ ಬಿಟ್ಟೀರೇನು?" ಎಂದುಬಿಟ್ಟೆ.

ಅತ್ತೆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಬಟ್ಟೆಯಲ್ಲಿ ಸುತ್ತಿ, ಟ್ರಂಕಿಗೆ ಹಾಕಿದರು. ಆ ಮೂರನೆಯ ಸಲದ ಗುಳಿಗೆ ಮುಗಿದ ಮೇಲೆ ಅತ್ತೆ ಉರಿಯ ಮಾತು ಎತ್ತಲೇ ಇಲ್ಲ. ನಾನು ಕೇಳಿದರೆ ಆರಾಮ ಐತಿ ಎನ್ನುತ್ತಿದ್ದರು. ನಾನೂ ಅದನ್ನು ನಂಬಲು ತಯಾರಿದ್ದೆ.

ಅದಾಗಿ ವರ್ಷದ ಮೇಲೆ ನನಗೆ ಧಾರವಾಡದಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕಿತು. ಹೋಗುವುದೋ ಬೇಡವೋ ಎಂದು ನಾವು ತಿಂಗಳುಗಟ್ಟಲೆ ಜಗ್ಗಾಡಿದೆವು. ಬಸವನ ಬಾಗೇವಾಡಿಯ ತವರಿನಲ್ಲಿ ಅವ್ವ, ಮಕ್ಕಳಾಗುವ ವಯಸ್ಸಿನಲ್ಲಿ ಹಾಸ್ಟೆಲ್ಲು ಯಾಕೆ ಎಂದಳು. ಹೋಗಲಿ ಎಂದದ್ದು ಅತ್ತೆ. ಓದೋ ಹುಚ್ಚು ಇದ್ದವರನ್ನ ಹಿಡಿಬಾರದು ಎಂದು ಮಗನಿಗೆ ಹೇಳಿದರಂತೆ. ನಾನು ಅವರನ್ನು ನಂಬದಿದ್ದ ಮೇಲೂ ಅವರು ನನ್ನ ಪರವಾಗಿ ಮಾತಾಡಿದ್ದರು.

ನನ್ನ ಗೈಡ್ ಹೆಚ್ಚು ಮಾತಾಡದ ಹೆಂಗಸು. ಅವರು ನನಗೆ ಕೊಟ್ಟ ಕೆಲಸ ಇ. ಕೊಲೈಯ ಮೇಲೆಯೇ. ಈ ಬ್ಯಾಕ್ಟೀರಿಯಾ ತನ್ನೊಳಗೆ ತನಗೇ ವಿಷವಾಗುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಪ್ರತಿಯೊಂದು ವಿಷದ ಜೊತೆಗೂ ಅದನ್ನು ಅಪ್ಪಿ ಹಿಡಿದು ಸುಮ್ಮನಿರಿಸುವ ಇನ್ನೊಂದು ಪ್ರೋಟೀನನ್ನು, ಅಂದರೆ ಪ್ರತಿವಿಷವನ್ನು, ತಯಾರಿಸುತ್ತದೆ. ವಿಷ ಗಟ್ಟಿ ಜೀವ, ಬಹಳ ಹೊತ್ತು ಬಾಳುತ್ತದೆ. ಪ್ರತಿವಿಷ ನಾಜೂಕು. ಜೀವಕೋಶದಲ್ಲಿ ಪ್ರೋಟೀನುಗಳನ್ನು ಕತ್ತರಿಸಿ ಹಾಕುವ ಕಿಣ್ವಗಳಿವೆ, ಅವು ಪ್ರತಿವಿಷವನ್ನು ಸದಾ ಕತ್ತರಿಸುತ್ತಲೇ ಇರುತ್ತವೆ. ಹೊಟ್ಟೆ ತುಂಬಿರುವ ತನಕ ಬ್ಯಾಕ್ಟೀರಿಯಾ ಹೊಸ ಪ್ರತಿವಿಷ ಮಾಡಿಕೊಳ್ಳುತ್ತ ಹೋಗುತ್ತದೆ, ತೊಂದರೆಯಿಲ್ಲ. ಹಸಿವೋ ಇನ್ಯಾವುದೋ ಸಂಕಟವೋ ಬಂದು ಹೊಸದು ಮಾಡುವುದು ನಿಧಾನವಾದರೆ, ಕತ್ತರಿಸುವುದು ಮಾತ್ರ ನಿಲ್ಲದೆ, ವಿಷ ಬಿಡುಗಡೆಯಾಗುತ್ತದೆ. ಆಗ ಬ್ಯಾಕ್ಟೀರಿಯಾ ಬೆಳೆಯುವುದನ್ನು ನಿಲ್ಲಿಸುತ್ತದೆ. ಸಾಯಬೇಕೆಂದೇನಿಲ್ಲ, ಕೆಲಸವೆಲ್ಲ ಬಿಟ್ಟು ಬಿದ್ದುಕೊಂಡಿರಬಹುದು.

ಅಂಥ ಒಂದು ಕಿಣ್ವ ಒಂದು ಪ್ರತಿವಿಷವನ್ನು ಎಷ್ಟು ಬೇಗ ಕತ್ತರಿಸುತ್ತದೆ ಎಂದು ಅಳೆಯುವುದು ನನ್ನ ಪಾಲಿನ ಕೆಲಸ. ಹೊಸ ಪ್ರೋಟೀನು ತಯಾರಾಗದಂತೆ ತಡೆದು, ಇಷ್ಟಿಷ್ಟು ನಿಮಿಷಕ್ಕೊಮ್ಮೆ ಬ್ಯಾಕ್ಟೀರಿಯಾದ ದ್ರವವನ್ನು ಸ್ವಲ್ಪ ಸ್ವಲ್ಪ ತೆಗೆದು ಬರ್ಫದಲ್ಲಿ ಇಡುತ್ತಿದ್ದೆ. ಕೊನೆಗೆ ಅವನ್ನು ಜೆಲ್ ಎಂಬ ಮೆತ್ತನೆಯ ಪದರದಲ್ಲಿ ಹೊತ್ತಿಗೊಂದು ಸಾಲಿನಂತೆ ಓಡಿಸಿದರೆ ಪ್ರೋಟೀನುಗಳು ಪಟ್ಟಿಪಟ್ಟಿಯಾಗಿ ಕಾಣುತ್ತಿದ್ದವು. ವಿಷದ ಪಟ್ಟಿ ಮೊದಲಿನಿಂದ ಕೊನೆಯವರೆಗೆ ದಪ್ಪಗೆ ಇದ್ದಂತೆಯೇ ಇರುತ್ತಿತ್ತು. ಪ್ರತಿವಿಷದ ಪಟ್ಟಿ ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಮಸುಕಾಗಿ ಅಳಿಸಿಹೋಗುತ್ತಿತ್ತು. ಆ ಕಿಣ್ವವೇ ಇಲ್ಲದ ತಳಿಯಲ್ಲಿ ಮಾತ್ರ ಎರಡೂ ಉಳಿಯುತ್ತಿದ್ದವು.

ಎರಡನೆಯ ವರ್ಷ ಗೈಡ್, ಇವು ಆಂಟಿಬಯೋಟಿಕ್ ಎದುರಿಗೆ ಹೇಗೆ ನಡೆದುಕೊಳ್ಳುತ್ತವೆ ನೋಡು ಎಂದರು. ಬೆಳಿಗ್ಗೆ ಬ್ಯಾಕ್ಟೀರಿಯಾ ತುಂಬಿದ ದ್ರವಕ್ಕೆ ಔಷಧ ಹಾಕಿದೆ. ಗಂಟೆಗೊಮ್ಮೆ ತೆಗೆದು, ತೊಳೆದು, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳ ಮೇಲೆ ಹರಡಿದೆ. ಬದುಕುಳಿದ ಒಂದೊಂದೂ ಅಲ್ಲಿ ಬಿಳಿ ಚುಕ್ಕೆಯಾಗಿ ಬೆಳೆಯುತ್ತದೆ. ಮರುದಿನ ನೋಡಿದರೆ ಮೊದಲ ಗಂಟೆಗಳಲ್ಲಿ ರಾಶಿರಾಶಿಯಾಗಿ ಸತ್ತಿದ್ದವು. ಆಮೇಲೆ ಸಾವು ನಿಂತುಹೋಗಿತ್ತು. ಕೊನೆಯ ಹೊತ್ತಿನ ತಟ್ಟೆಯಲ್ಲಿ ಒಂದಿಷ್ಟು ಬಿಳಿ ಚುಕ್ಕೆಗಳು ಉಳಿದೇ ಇದ್ದವು. ಔಷಧವನ್ನು ಗೆದ್ದ ಹೊಸ ತಳಿ ಇರಬೇಕೆಂದು, ಆ ಚುಕ್ಕೆಗಳನ್ನು ಬೆಳೆಸಿ ಮತ್ತೆ ಅದೇ ಔಷಧ ಹಾಕಿದೆ. ಮೊದಲಿನ ಹಾಗೆಯೇ ರಾಶಿರಾಶಿಯಾಗಿ ಸತ್ತು, ಮತ್ತೆ ಒಂದಿಷ್ಟು ಉಳಿದವು. ಔಷಧದ ಅಳತೆ ತಪ್ಪಿತೇನೋ ಎಂದು ಹೊಸದಾಗಿ ಕಲಸಿ ಮೂರನೆಯ ಸಲ ಮಾಡಿದೆ. ಅದೇ ಕಥೆ.

ತಟ್ಟೆಗಳನ್ನು ಗೈಡ್ ಮುಂದೆ ಇಟ್ಟು, ಔಷಧ ಪೂರ್ತಿ ಹಾಕಿದ್ದೇನೆ, ಆದರೂ ನನ್ನ ಕೈಯಲ್ಲೇ ಎಲ್ಲೋ ತಪ್ಪಾಗುತ್ತಿದೆ ಎಂದೆ.

"ನಿನ್ನ ಕೈ ಸರಿ ಐತಿ," ಎಂದರು ಅವರು. "ಇವು ಔಷಧಕ್ಕ ಬಗ್ಗದವಲ್ಲ. ಔಷಧ ಬಂದಾಗ ಮಲಗಿದ್ವು, ಅಷ್ಟ."

ಈ ಔಷಧ ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ಕೆಲಸವನ್ನು ಕೆಡಿಸಿ ಕೊಲ್ಲುತ್ತದೆ, ಕೆಲಸವೇ ಮಾಡದೆ ಬಿದ್ದುಕೊಂಡದ್ದರಲ್ಲಿ ಕೆಡಿಸುವುದಕ್ಕೆ ಏನೂ ಇಲ್ಲ ಎಂದು ವಿವರಿಸಿದರು. ಔಷಧ ಹೋದ ಮೇಲೆ ಒಂದೊಂದೇ ಏಳುತ್ತವೆ, ಎದ್ದವು ಮೊದಲಿನಷ್ಟೇ ಮೆತ್ತಗಿರುತ್ತವೆ, ಅದಕ್ಕೇ ಪರೀಕ್ಷೆಯಲ್ಲಿ ಔಷಧಕ್ಕೆ ಸಾಯುತ್ತವೆ ಎಂದೇ ಬರುತ್ತದೆ ಎಂದರು. ಗೈಡ್ ಇನ್ನೂ ಏನೋ ಹೇಳುತ್ತಿದ್ದರು. ನನಗೆ ಕಾಣುತ್ತಿದ್ದುದು ಇಂಡಿಯ ಮನೆಯ ಹಾಸಿಗೆ, ಅದರ ಮೇಲೆ ಸಾಲಾಗಿ ಹರಡಿದ ಖಾಲಿ ಹಾಳೆಗಳು. ಪೂರ್ತಿ ಔಷಧ ಹಾಕಿದ್ದೇನೆ ಎಂದು ನಾನು ಹೇಳಿದ ಕೂಡಲೇ ಈ ಹೆಂಗಸು ನಂಬಿದ್ದರು. ನಾನು ಅತ್ತೆಯನ್ನು ನಂಬಿರಲಿಲ್ಲ.

ಆ ಶನಿವಾರ ಇಂಡಿಗೆ ಹೋದೆ. ಧಾರವಾಡದಿಂದ ದೂರದ ದಾರಿ, ಮೂರು ಬಸ್ಸು ಬದಲಿಸಬೇಕಿತ್ತು. ದಾರಿಯುದ್ದಕ್ಕೂ ಹೇಗೆ ಮಾತು ತೆಗೆಯಬೇಕೆಂದು ಯೋಚಿಸುತ್ತಿದ್ದೆ. ಮಧ್ಯಾಹ್ನ ಮನೆ ಮುಟ್ಟಿದಾಗ ಅತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ನನ್ನ ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ಸಂತೆಗೆ ಹೋಗಿದ್ದಳು. ಕೈಕಾಲು ತೊಳೆದು ಬಂದು ನಾನೂ ಒಂದು ಹಿಡಿ ಹುಣಸೆ ಎಳೆದುಕೊಂಡು ಕೂತೆ.

"ಅತ್ತಿ, ಅವತ್ತು ನಾ ನಿಮಗ ಗುಳಿಗಿ ಬಿಟ್ಟೀರೇನು ಅಂತ ಕೇಳಿದ್ನೆಲ್ಲ. ಹಂಗ ಕೇಳಬಾರದಿತ್ತು. ನೀವು ಬಿಟ್ಟಿದ್ದಿಲ್ಲ. ತಪ್ಪು ನಂದು."

ಅತ್ತೆ ಕೈ ನಿಲ್ಲಿಸಲಿಲ್ಲ. "ಈಗ ಹೆಂಗ ಗೊತ್ತಾತು?"

"ಕಣ್ಣಾರೆ ನೋಡೇನ್ರಿ. ನಾನ ಔಷಧ ಹಾಕೇನಿ, ಹೊತ್ತಿಗೆ ಸರಿಯಾಗಿ ಹಾಕೇನಿ. ಆದ್ರೂ ಒಂದಿಷ್ಟು ಉಳದ್ವು."

"ಉಳದವು ಗಟ್ಟಿ ಇದ್ವೇನು?"

ಎಂ.ಎಸ್ಸಿ. ಓದಿದ ನಾನೂ ಮೊದಲು ಅದೇ ತಪ್ಪು ತಿಳಿದಿದ್ದೆ. ಗಟ್ಟಿಯಲ್ಲ, ಮಲಗಿದ್ದವು ಎಂದು ನನಗೆ ತಿಳಿದಂತೆ ಹೇಳಿದೆ. ಅವುಗಳ ಹೊಟ್ಟೆಯೊಳಗಿನ ವಿಷದ ಮಾತು, ಅದನ್ನು ಹಿಡಿದಿಡುವ ಮದ್ದಿನ ಮಾತು, ಮದ್ದನ್ನು ಕತ್ತರಿಸಿ ಹಾಕುವವರ ಮಾತು. ಅತ್ತೆ ನಡುನಡುವೆ ತಡೆದು ಕೇಳುತ್ತಿದ್ದರು. ಆ ಮದ್ದನ್ನು ಯಾಕೆ ಅಷ್ಟು ಬೇಗ ಕೆಡುವಂತೆ ಮಾಡಿಕೊಂಡಿದೆ ಎಂದು ಕೇಳಿದರು. ಬೇಗ ಕೆಡುತ್ತದೆ ಎಂದೇ ಕಷ್ಟ ಬಂದ ಕೂಡಲೇ ಮಲಗಲು ಆಗುತ್ತದೆ, ಕಷ್ಟ ಹೋದ ಮೇಲೆ ಹೊಸ ಮದ್ದು ಮಾಡಿಕೊಂಡು ಏಳುತ್ತದೆ ಎಂದೆ. ಎಲ್ಲವೂ ಒಟ್ಟಿಗೆ ಯಾಕೆ ಮಲಗುವುದಿಲ್ಲ ಎಂದರು. ಅದು ನಮಗೂ ಪೂರ್ತಿ ಗೊತ್ತಿಲ್ಲ ಎಂದೆ. ಆ ಉತ್ತರ ಅವರಿಗೆ ಹಿಡಿಸಿದಂತೆ ಕಂಡಿತು.

ಬಿಡಿಸಿದ ಬೀಜಗಳನ್ನು ಒಂದು ಕಡೆಗೆ ಸರಿಸಿ, "ಹಂಗಾರ ನಾ ಸುಳ್ಳ ಹೇಳಿದ್ದಿಲ್ಲ," ಎಂದರು.

"ಇಲ್ರಿ ಅತ್ತಿ."

"ಡಾಕ್ಟರ ಅಂದದ್ದಕ್ಕ ನನಗೇನೂ ಅನಿಸಲಿಲ್ಲ ತಂಗಿ. ನೀ ಅಂದಿ ನೋಡು."

ನನಗೆ ಅಳು ಬಂತು. ಅವರ ಕೈಯೆಲ್ಲ ಹುಣಸೆಹಣ್ಣು ಮೆತ್ತಿತ್ತು, ಮೊಣಕೈಯಿಂದ ನನ್ನ ತಲೆಯನ್ನು ತಮ್ಮ ಭುಜಕ್ಕೆ ಒತ್ತಿಕೊಂಡರು. ನಾನು ಅತ್ತು ಮುಗಿಸುವ ತನಕ ಹಾಗೇ ಕೂತಿದ್ದರು. ಆಮೇಲೆ, ಯಾರದೋ ವಿಷಯ ಹೇಳುವವರಂತೆ, ಈ ನಡುವೆ ಇನ್ನೂ ಮೂರು ಸಲ ಉರಿ ಬಂದಿತ್ತೆಂದೂ ಒಮ್ಮೆ ನಡುಕ ಬಂದು ಎರಡು ಕೌದಿ ಹೊದ್ದು ಮಲಗಿದ್ದೆನೆಂದೂ ಹೇಳಿದರು. ನನಗೆ ಹೇಳಿರಲಿಲ್ಲ. ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ.

ಸೋಮವಾರ ವಿಜಾಪುರದಲ್ಲಿ ಒಬ್ಬ ಲೇಡಿ ಡಾಕ್ಟರರ ಬಳಿ ಹೋದೆವು. ಹೆಂಗಸೆಂದು ಅತ್ತೆ ತಾವೇ ಎಲ್ಲ ಹೇಳಿದರು, ನಾನು ಕೊನೆಯಲ್ಲಿ ಮಲಗುವ ಬ್ಯಾಕ್ಟೀರಿಯಾದ ಮಾತನ್ನು ಮಾತ್ರ ಸೇರಿಸಿದೆ. ಡಾಕ್ಟರು ಮೊದಲು ನನ್ನ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಹಾಕಿದರು. ಅಡಗಿ ಕೂತದ್ದೇ ಏಳುತ್ತಿರಬಹುದು, ಪ್ರತಿ ಸಲ ಹೊಸದಾಗಿ ಹತ್ತುತ್ತಲೂ ಇರಬಹುದು, ಎರಡೂ ಉಂಟು, ಇಲ್ಲಿ ಕೂತು ಹೇಳಲಾಗುವುದಿಲ್ಲ ಎಂದರು. ಮುಟ್ಟು ನಿಂತ ಮೇಲೆ ಒಳಗಿನ ಚರ್ಮ ಒಣಗುತ್ತದೆ, ನೀರು ಕುಡಿಯುವುದಿಲ್ಲ, ಬಂದದ್ದನ್ನು ತಾಸುಗಟ್ಟಲೆ ತಡೆಯುತ್ತೀರಿ, ಹೀಗಿದ್ದರೆ ಯಾವ ಗುಳಿಗೆ ಏನು ಮಾಡೀತು ಎಂದು ಕೇಳಿದರು. ಹಚ್ಚಿಕೊಳ್ಳಲು ಮುಲಾಮು ಕೊಟ್ಟರು. ಕೆಲವು ತಿಂಗಳು ದಿನಕ್ಕೊಂದು ಸಣ್ಣ ಗುಳಿಗೆ ಬರೆದರು. ಎಲ್ಲಕ್ಕಿಂತ ಹೆಚ್ಚಾಗಿ ನೀರು ಕುಡಿಯಿರಿ, ತಡೆಯಬೇಡಿ ಎಂದರು.

ತಡೆಯಬಾರದು ಎಂದರೆ ತೋಟದಲ್ಲಿ ಒಂದು ಜಾಗ ಬೇಕು. ಅತ್ತೆಯ ಗುಟ್ಟು ಬಿಡದೆ ಭಾವನವರ ಹತ್ತಿರ ಮಾತಾಡಿದೆ. ಕಾಯಿ ಹರಿಯಲು ಬರುವ ಹೆಣ್ಣುಮಕ್ಕಳು ಬೆಳಗಿನಿಂದ ಮಧ್ಯಾಹ್ನದ ತನಕ ಎಲ್ಲಿಗೆ ಹೋಗಬೇಕು ಎಂದು ಕೇಳಿದೆ. ಅವರು, ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ಎಂದರು. ಅವರ ಮುಖ ನೋಡಿ ನನಗೆ ಕೆಡುಕೆನಿಸಿತು. ಕೆಟ್ಟ ಮನಸ್ಸಿನವರಲ್ಲ, ಅವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಮುಂದಿನ ತಿಂಗಳು ಬೋರಿನ ಹಿಂದೆ ಇಟ್ಟಂಗಿ ಗೋಡೆ ಎದ್ದಿತು, ಮೇಲೆ ತಗಡು, ಒಳಗಿನಿಂದ ಚಿಲಕ. ಮೊದಮೊದಲು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ನೋಡಿ ನಕ್ಕರಂತೆ. ಅತ್ತೆ ಎಲ್ಲರಿಗಿಂತ ಮೊದಲು ಎದ್ದು ಹೋದರಂತೆ. ನಾಲ್ಕು ದಿನಕ್ಕೆ ಎಲ್ಲರೂ ಮನೆಯಿಂದ ಬಾಟಲಿ ತರತೊಡಗಿದರು.

ಮುಂದಿನ ಎರಡು ವರ್ಷದಲ್ಲಿ ಅತ್ತೆಗೆ ಒಂದೇ ಸಲ ಉರಿ ಬಂತು. ಬಂದ ದಿನವೇ ಪಕ್ಕದ ಮನೆಯ ಫೋನಿನಿಂದ ನನ್ನ ಹಾಸ್ಟೆಲ್ಲಿಗೆ ಫೋನು ಮಾಡಿಸಿ, ಯಾರೂ ಕೇಳದ ಹಾಗೆ, ಎದ್ದಾವು ನೋಡವಾ ಎಂದರು. ಅದೂ ಬೇಗ ಹೋಯಿತು. ಗುಣವಾದದ್ದು ನನ್ನ ಸಂಶೋಧನೆಯಿಂದಲ್ಲ. ನೀರು, ಮುಲಾಮು, ಆ ನಾಲ್ಕು ಗೋಡೆ, ತಿಳಿದ ಡಾಕ್ಟರು. ನನ್ನ ಥೀಸಿಸ್ಸೂ ಅಂಥ ಭಾರಿಯದೇನಲ್ಲ. ಕಿಣ್ವವಿಲ್ಲದ ತಳಿಯಲ್ಲಿ ಕೆಲವು ಸಲ ಔಷಧಕ್ಕೆ ಉಳಿಯುವವು ಕಡಿಮೆಯಾಗುತ್ತಿದ್ದವು, ಕೆಲವು ಸಲ ಆಗುತ್ತಿರಲಿಲ್ಲ. ಹಾಗೆಂದೇ ಬರೆದೆ. ಇಂದಿಗೂ ಈ ವಿಷಗಳು ನಿದ್ದೆಗೆ ಎಷ್ಟರ ಮಟ್ಟಿಗೆ ಕಾರಣ ಎಂಬುದರಲ್ಲಿ ತಿಳಿದವರು ಒಮ್ಮತಕ್ಕೆ ಬಂದಿಲ್ಲ. ಒಂದು ಕಾಲಕ್ಕೆ ಗಟ್ಟಿ ಎನಿಸಿದ್ದ ಕೆಲವು ಮಾತುಗಳು ಆಮೇಲೆ ಬಿದ್ದುಹೋದವು. ಮಲಗಿದ್ದವು ಔಷಧದಿಂದ ಉಳಿಯುತ್ತವೆ ಎಂಬುದು ಮಾತ್ರ ನಿಂತಿದೆ.

ಪಿಎಚ್.ಡಿ. ಮುಗಿದ ಮೇಲೆ ನನಗೆ ಮುದ್ದೇಬಿಹಾಳದಲ್ಲಿ ಕಾಲೇಜಿನ ನೌಕರಿ ಸಿಕ್ಕಿತು, ನನ್ನ ಗಂಡನೂ ಅಲ್ಲಿಗೆ ವರ್ಗ ಮಾಡಿಸಿಕೊಂಡರು. ಮಗಳು ಹುಟ್ಟಿದ್ದಳು. ಒಂದು ದಿನ ಸಂಜೆ ಮುನ್ಸೂಚನೆಯಿಲ್ಲದೆ ಅತ್ತೆ ಬಾಗಿಲಿಗೆ ಬಂದು ನಿಂತರು. ಜೊತೆಗೆ ಅವರ ತಂಗಿ, ತಂಗಡಗಿಗೆ ಕೊಟ್ಟವರು. ಹೊಳೆಯ ದಂಡೆಯ ಊರಿನ ಆ ಚಿಕ್ಕತ್ತೆಯನ್ನು ನಾನು ಮದುವೆಯಲ್ಲಿ ಒಮ್ಮೆ ನೋಡಿದ್ದೆ, ಅಷ್ಟೇ. ಸೆರಗು ಹೊದ್ದು, ಗೋಡೆಗೆ ಒರಗಿ, ತಲೆ ತಗ್ಗಿಸಿ ಕೂತರು. ಚಹಾ ಕೊಟ್ಟರೆ ಕಪ್ಪಿನ ಬಸಿಯಲ್ಲಿ ಅರ್ಧ ಬಿಟ್ಟರು.

ಅತ್ತೆ ಮೊಮ್ಮಗಳನ್ನು ಎತ್ತಿ ನನ್ನ ಗಂಡನ ಕೈಗೆ ಕೊಟ್ಟು, ಓಣಿಯಲ್ಲಿ ಆಡಿಸಿಕೊಂಡು ಬಾ ಎಂದು ಅವರನ್ನು ಹೊರಗೆ ಕಳಿಸಿದರು. ಬಾಗಿಲು ಮುಚ್ಚಿ ಬಂದು ತಂಗಿಯ ಪಕ್ಕದಲ್ಲಿ ಕೂತರು.

"ಹೇಳು. ಇಕಿ ನಂಬತಾಳ," ಎಂದರು.

ಚಿಕ್ಕತ್ತೆ ಹೇಳಲು ಬಹಳ ಹೊತ್ತು ತೆಗೆದುಕೊಂಡರು. ಅದೇ ಉರಿ, ಅದೇ ಗುಳಿಗೆ, ನೀವು ಬಿಟ್ಟಿರಬೇಕು ಎಂಬ ಅದೇ ಮಾತು. ನಾನು ಏನೂ ಕೇಳಲಿಲ್ಲ. ಅತ್ತೆಯೂ ಅವಸರ ಮಾಡಲಿಲ್ಲ, ತಂಗಿಯ ಬೆನ್ನ ಮೇಲೆ ಕೈಯಾಡಿಸುತ್ತಿದ್ದರು. ಹೊರಗೆ ಮಗಳು ನಗುವುದು ಕೇಳುತ್ತಿತ್ತು. ಮಾತು ಮುಗಿದಾಗ ಕತ್ತಲಾಗುತ್ತ ಬಂದಿತ್ತು. ದೀಪ ಹಾಕಿ, ಆ ಲೇಡಿ ಡಾಕ್ಟರರ ಬಳಿ ಹೋಗಲು ಮರುದಿನ ಬೆಳಿಗ್ಗೆ ವಿಜಾಪುರದ ಬಸ್ಸು ಎಷ್ಟಕ್ಕಿದೆ ಎಂದು ಪಕ್ಕದ ಮನೆಯವರನ್ನು ಕೇಳಲು ನಾನು ಎದ್ದೆ.